ಕೈ ಬದಲಾದ ಟ್ಯಾಂಕ್‌ಗಳನ್ನು ಒಂದೇ ರೆಜಿಮೆಂಟ್ ಮಾಡೋದು ಹೇಗೆ?

[ದೃಶ್ಯ: ಮೇಜಿನ ಮೇಲೆ ಸಾಲಾಗಿ ಪುಟ್ಟ ಶರ್ಮನ್ ಟ್ಯಾಂಕ್‌ಗಳು, ಒಂದೊಂದೂ ಒಂದೊಂದು ಬಣ್ಣ]

ನಮಸ್ಕಾರ. ಇವೆಲ್ಲ ಎರಡನೇ ಮಹಾಯುದ್ಧದ ಶರ್ಮನ್ ಟ್ಯಾಂಕ್‌ಗಳ ಮಾಡೆಲ್‌ಗಳು, 1/100 ಅಳತೆ. ನಿಜವಾದ ಟ್ಯಾಂಕ್ ಸುಮಾರು ಆರು ಮೀಟರ್ ಉದ್ದ, ಇದು ಆರು ಸೆಂಟಿಮೀಟರ್. ಆದರೆ ಒಂದು ಗಿಳಿಹಸಿರು, ಇನ್ನೊಂದು ಹೆಚ್ಚುಕಡಿಮೆ ಕಪ್ಪು. ಸೆಕೆಂಡ್ ಹ್ಯಾಂಡ್ ತಗೊಂಡರೆ ಹೀಗೇ ಬರುತ್ತವೆ. ವಾರ್‌ಗೇಮ್, ಅಂದರೆ ಮೇಜಿನ ಮೇಲಿನ ಯುದ್ಧದಾಟ, ಆಡುವಾಗ ಇವು ಒಂದೇ ದಳದವು ಅನ್ನಿಸಬೇಕು. ಅದಕ್ಕೆ ಎಲ್ಲದರ ಬಣ್ಣ ಕೀಳಬೇಕಿಲ್ಲ. ವಾಶ್ ಅನ್ನೋ ತೆಳು ಬಣ್ಣ ಮತ್ತು ಧೂಳಿನ ಬಣ್ಣ, ಈ ಎರಡು ಪದರ ಎಲ್ಲದಕ್ಕೂ ಒಂದೇ ಇರಲಿ.

[ದೃಶ್ಯ: ಇಂಜಿನ್ ಮೇಲಿನ ಜಾಲರಿ, ಹತ್ತಿರದಿಂದ]

ಮೊದಲು ಟ್ಯಾಂಕನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಈ ಜಾಲರಿಯ ಗೆರೆ, ಹ್ಯಾಚಿನ ಅಂಚು ಸ್ಪಷ್ಟವಾಗಿ ಕಂಡರೆ ಹಳೇ ಬಣ್ಣ ಇದ್ದರೆ ಇರಲಿ. ಸೋಪು ನೀರಲ್ಲಿ ತೊಳೆದು ಜಿಡ್ಡು ತೆಗೆದರೆ ಸಾಕು. ಗೆರೆಗಳು ದಪ್ಪ ಬಣ್ಣದಲ್ಲಿ ಮುಚ್ಚಿಹೋಗಿದ್ದರೆ ಮಾತ್ರ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ನೆನೆಸಿ, ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ. ಮಾಡೆಲ್ ರೆಸಿನ್‌ದು, ಅಂದರೆ ಅಚ್ಚಿಗೆ ಸುರಿದು ಗಟ್ಟಿ ಮಾಡಿದ ರಾಳದ್ದು, ಆದರೆ ಕಾಣದ ಮೂಲೆಯಲ್ಲಿ ಮೊದಲು ಪರೀಕ್ಷೆ ಮಾಡಿ. ಅಸಿಟೋನ್ ಬೇಡ, ಅದು ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ. ಇನ್ನೊಂದು ಮಾತು: ಹಳೇ ಲೋಹದ ಮಾಡೆಲ್‌ಗಳಲ್ಲಿ ಸೀಸ ಇರಬಹುದು. ಒಣಗಿದ್ದಾಗ ಉಪ್ಪುಕಾಗದದಿಂದ ತಿಕ್ಕಬೇಡಿ, ಮುಟ್ಟಿದ ಮೇಲೆ ಕೈ ತೊಳೆಯಿರಿ.

[ದೃಶ್ಯ: ಬರ್ಮಾದ ನಕಾಶೆ, ಮೇಕ್ಟಿಲಾ ಊರಿನ ಮೇಲೆ ಗುರುತು]

ಈಗ ಇವು ಯಾರ ಟ್ಯಾಂಕ್ ಅಂತ ತೀರ್ಮಾನಿಸಬೇಕು. ಇದನ್ನು ಬಿಟ್ಟು ಬಣ್ಣ ಆರಿಸೋಕೆ ಆಗುವುದಿಲ್ಲ. ನಾನು ಆರಿಸಿಕೊಂಡದ್ದು ಬರ್ಮಾದ ಮೇಕ್ಟಿಲಾದಲ್ಲಿ 1945ರಲ್ಲಿ ನಡೆದ ಕದನ. ಆ ವರ್ಷ ಮಾರ್ಚ್ ಮೊದಲ ವಾರದಲ್ಲಿ 17ನೇ ಭಾರತೀಯ ಡಿವಿಷನ್ ಜಪಾನೀಯರಿಂದ ಆ ಊರನ್ನು ಗೆದ್ದಿತು. ಅದರ ಜೊತೆ 255ನೇ ಭಾರತೀಯ ಟ್ಯಾಂಕ್ ಬ್ರಿಗೇಡಿನ ಶರ್ಮನ್‌ಗಳಿದ್ದವು. ಪ್ರೋಬಿನ್ಸ್ ಹಾರ್ಸ್, ಡೆಕ್ಕನ್ ಹಾರ್ಸ್ ಅನ್ನೋ ರೆಜಿಮೆಂಟ್‌ಗಳೆರಡೂ ಆ ಬ್ರಿಗೇಡಿನವು. ಇದೇ ಡೆಕ್ಕನ್ ಹಾರ್ಸ್ ಇಪ್ಪತ್ತು ವರ್ಷದ ಮೇಲೆ, 1965ರ ಪಾಕಿಸ್ತಾನ ಯುದ್ಧದಲ್ಲಿ, ಪಂಜಾಬಿನ ಅಸಲ್ ಉತ್ತರ್ ಎಂಬ ಊರಲ್ಲೂ ಶರ್ಮನ್‌ಗಳಲ್ಲೇ ಹೋರಾಡಿತು. ನಮ್ಮ ಸೈನ್ಯದ ಈ ಕಥೆ ವಾರ್‌ಗೇಮ್ ಮೇಜುಗಳ ಮೇಲೆ ಇನ್ನೂ ಜಾಸ್ತಿ ಕಾಣಬೇಕು ಅನ್ನೋದು ನನ್ನ ಆಸೆ.

ಬರ್ಮಾ ಅಂದ ಕೂಡಲೇ ದಟ್ಟ ಕಾಡು ನೆನಪಾಗುತ್ತೆ, ಅಲ್ವಾ? ಮೇಕ್ಟಿಲಾ ಇರುವುದು ಮಳೆ ಕಡಿಮೆ ಬೀಳುವ ಒಣ ಬಯಲಿನಲ್ಲಿ. ಹಾಗಾಗಿ ನಮಗೆ ಬೇಕಾದ್ದು ಕೆಸರಲ್ಲ, ತಿಳಿ ಬಣ್ಣದ ಧೂಳು.

[ದೃಶ್ಯ: ಬ್ರಷ್ ಕೆಲಸ]

ಮೊದಲು ಆಲಿವ್ ಹಸಿರು. ಡಬ್ಬಿಯಲ್ಲಿ ಇರುವುದಕ್ಕಿಂತ ಸ್ವಲ್ಪ ತಿಳಿ ಮಾಡಿಕೊಳ್ಳಿ. ಇಷ್ಟು ಚಿಕ್ಕ ಮಾಡೆಲ್ ಮೇಲೆ ಗಾಢ ಬಣ್ಣ ದೂರದಿಂದ ಕಪ್ಪಾಗೇ ಕಾಣುತ್ತದೆ. ಹಳೇ ಹಸಿರು ಚೆನ್ನಾಗಿರುವ ಟ್ಯಾಂಕಿಗೆ ಇದೇ ಬಣ್ಣವನ್ನು ತೆಳುವಾಗಿ ಒಂದು ಸಲ ಹಚ್ಚಿ, ಅಷ್ಟೇ.

ಆಮೇಲೆ ವಾಶ್. ನೀರಿನಷ್ಟು ತೆಳುವಾದ ಗಾಢ ಕಂದು ಬಣ್ಣ ಇದು. ಸಂದುಗಳಿಗೆ ಇಳಿದು ನೆರಳು ಮೂಡಿಸುತ್ತದೆ, ಮೇಲ್ಮೈಗೂ ತುಸು ಕಂದು ಛಾಯೆ ಕೊಡುತ್ತದೆ. ಎರಡು ಹಸಿರುಗಳ ನಡುವಿನ ಅಂತರ ಕಡಿಮೆಯಾಗುವುದು ಇಲ್ಲೇ. ಎಲ್ಲ ಟ್ಯಾಂಕಿಗೂ ಒಂದೇ ಬಾಟಲಿ ಬಳಸಿ. ಸಪಾಟು ಜಾಗದಲ್ಲಿ ಮಡುಗಟ್ಟಿದರೆ ಒಣಗುವ ಮೊದಲೇ ಬ್ರಷ್‌ನಿಂದ ಹೀರಿಕೊಳ್ಳಿ.

ವಾಶ್ ಒಣಗಿದ ಮೇಲೆ ಬಿಳಿ ನಕ್ಷತ್ರದ ಡೆಕಾಲ್, ಅಂದರೆ ಅಂಟಿಸುವ ತೆಳು ಚಿತ್ರ. ಅದು ಕೂರುವ ಜಾಗಕ್ಕೆ ಮೊದಲು ಹೊಳಪಿನ ವಾರ್ನಿಶ್ ಹಚ್ಚಿ. ಒರಟು ಬಣ್ಣದ ಮೇಲೆ ಅಂಟಿಸಿದರೆ ಅಡಿಯಲ್ಲಿ ಗಾಳಿ ಸಿಕ್ಕಿ ಬೆಳ್ಳಿಯ ಹಾಗೆ ಹೊಳೆಯುತ್ತದೆ.

[ದೃಶ್ಯ: ಟ್ರ್ಯಾಕ್ ಮೇಲೆ ಒಣ ಬ್ರಷ್]

ಕೊನೆಗೆ ಧೂಳು. ತಿಳಿ ಮಣ್ಣಿನ ಬಣ್ಣವನ್ನು ಬ್ರಷ್‌ಗೆ ತಗೊಂಡು, ಬಟ್ಟೆಗೆ ಒರೆಸಿ ಬಹುತೇಕ ತೆಗೆದುಬಿಡಿ. ಉಳಿದದ್ದನ್ನು ಟ್ರ್ಯಾಕ್, ಚಕ್ರ, ಕೆಳಗಿನ ಅಂಚುಗಳ ಮೇಲೆ ಸವರಿ. ನಕ್ಷತ್ರದ ಮೇಲೂ ಸ್ವಲ್ಪ ಬೀಳಲಿ, ಇಲ್ಲದಿದ್ದರೆ ಅದೊಂದೇ ಹೊಸದಾಗಿ ಎದ್ದು ಕಾಣುತ್ತದೆ.

ಎಲ್ಲ ಒಣಗಿದ ಮೇಲೆ ಮ್ಯಾಟ್ ವಾರ್ನಿಶ್ ಸ್ಪ್ರೇ. ಮಂಗಳೂರು, ಉಡುಪಿ ಕಡೆಯವರು ಮಳೆಗಾಲದಲ್ಲಿ ಸ್ಪ್ರೇ ಮಾಡಬೇಡಿ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ವಾರ್ನಿಶ್ ಮಬ್ಬಾಗಿ ಬೆಳ್ಳಗಾಗುತ್ತದೆ. ಕಾಯೋಕೆ ಆಗದಿದ್ದರೆ ಬ್ರಷ್‌ನಲ್ಲಿ ಹಚ್ಚುವ ಮ್ಯಾಟ್ ವಾರ್ನಿಶ್ ಸಿಗುತ್ತದೆ, ಅದನ್ನೇ ಬಳಸಿ.