‘ಚೆನ್ನಾಗಿದೆ’ ಎಂಬ ಉತ್ತರದಾಚೆ

ಕೇಳುಗರಿಗೆ ನಮಸ್ಕಾರ.

ಗಾಲಿಕುರ್ಚಿ ಕೊಟ್ಟವರೇ ಬಂದು "ಹೇಗಿದೆ ಕುರ್ಚಿ?" ಎಂದು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ "ಚೆನ್ನಾಗಿದೆ." ಇಷ್ಟಾದರೂ ಸಿಕ್ಕಿತಲ್ಲ ಎಂಬ ಸಮಾಧಾನ, ದೂರಿದರೆ ಇದೂ ಕೈತಪ್ಪೀತು ಎಂಬ ಅಳುಕು, ಎರಡೂ ಆ ಒಂದು ಮಾತಿನಲ್ಲಿ ಅಡಗಿರುತ್ತವೆ. ಅದನ್ನೇ ತೃಪ್ತಿ ಎಂದು ಬರೆದುಕೊಂಡರೆ ಯಾವ ತಿರುಪು ಸಡಿಲವಾಗಿದೆ ಎಂದು ಯಾರಿಗೂ ತಿಳಿಯುವುದಿಲ್ಲ.

ಗಾಲಿಕುರ್ಚಿ, ಊರುಗೋಲು, ಶ್ರವಣಯಂತ್ರದಂಥ ಸಹಾಯಕ ಸಾಧನಗಳ ಬಗ್ಗೆ ಬಳಸುವವರನ್ನು ಬಿಡಿಬಿಡಿಯಾಗಿ ಕೇಳಲೆಂದೇ ಕೆನಡಾದ ಕ್ವಿಬೆಕ್‌ನಲ್ಲಿ ಕ್ವೆಸ್ಟ್ ಎಂಬ ಪ್ರಶ್ನಾವಳಿ ರೂಪುಗೊಂಡಿತು. ಸಂಶೋಧಕಿ ಲೂಯಿಸ್ ಡೆಮರ್ಸ್ ಮತ್ತು ಸಂಗಡಿಗರು 2000ದಲ್ಲಿ ಹೊರತಂದ ಅದರ ಎರಡನೆಯ ಆವೃತ್ತಿಯಲ್ಲಿ 12 ಅಂಶಗಳಿವೆ. ಸಾಧನಕ್ಕೆ ಸೇರಿದವು 8: ಗಾತ್ರ, ತೂಕ, ಹೊಂದಿಸಿಕೊಳ್ಳುವ ಅನುಕೂಲ, ಸುರಕ್ಷತೆ, ಬಾಳಿಕೆ, ಬಳಸಲು ಸುಲಭವೇ, ಮೈಗೆ ಹಿತವೇ, ಕೆಲಸಕ್ಕೆ ಒದಗುತ್ತದೆಯೇ. ಸೇವೆಗೆ 4: ಸಾಧನ ಕೈಸೇರಿದ ರೀತಿ, ರಿಪೇರಿ, ಪರಿಣತರ ನೆರವು, ಆಮೇಲಿನ ವಿಚಾರಣೆ. ಒಂದೊಂದಕ್ಕೂ 1ರಿಂದ 5ರವರೆಗೆ ಅಂಕ. ಕೊನೆಗೆ ತನಗೆ ಎಲ್ಲಕ್ಕಿಂತ ಮುಖ್ಯವಾದ 3 ಅಂಶಗಳನ್ನು ಬಳಸುವವರೇ ಆರಿಸಬೇಕು.

ಎಡವುವುದು ಸರಾಸರಿಯಲ್ಲಿ. ಸಾಧನದ 8 ಅಂಶಗಳಲ್ಲಿ 7ಕ್ಕೆ 5 ಅಂಕ, ಸುರಕ್ಷತೆಗೆ ಮಾತ್ರ 1 ಬಿತ್ತೆನ್ನಿ. ಒಟ್ಟು 36, ಎಂಟರಿಂದ ಭಾಗಿಸಿದರೆ 4.5. ಕಾಗದದ ಮೇಲೆ ಸೊಗಸು. ಇಳಿಜಾರಿನಲ್ಲಿ ಬ್ರೇಕೇ ಹಿಡಿಯುತ್ತಿಲ್ಲ! ಹಾಗಾಗಿ 3 ಅಥವಾ ಅದಕ್ಕಿಂತ ಕಡಿಮೆ ಅಂಕ ಬಿದ್ದ ಪ್ರತಿಯೊಂದಕ್ಕೂ "ಯಾಕೆ?" ಎಂದು ಕೇಳಿ ಬರೆದುಕೊಳ್ಳಿ. ಗಾಲಿಕುರ್ಚಿಯ ಬ್ರೇಕ್ ಒತ್ತುವುದು ಟೈರನ್ನೇ. ಗಾಳಿ ಇಳಿದರೆ ಹಿಡಿತ ತಪ್ಪುತ್ತದೆ, ತಳ್ಳುವುದೂ ಭಾರವಾಗುತ್ತದೆ. ಮೊದಲು ಗಾಳಿ ತುಂಬಿಸಿ. ಆಮೇಲೂ ಜಾರಿದರೆ ಬ್ರೇಕಿನ ಬೋಲ್ಟ್ ಸಡಿಲಿಸಿ, ಟೈರಿನ ಹತ್ತಿರಕ್ಕೆ ಸರಿಸಿ ಬಿಗಿಮಾಡಿ.

ದೂರು ಒಂದು ಕಡೆ, ದೋಷ ಇನ್ನೊಂದು ಕಡೆ ಇರುವುದೂ ಉಂಟು. ಊರುಗೋಲು ಹಿತವಿಲ್ಲ, ಕೈ ಜೋಮು ಹಿಡಿಯುತ್ತದೆ ಎನ್ನುತ್ತಾರೆ, ತಪ್ಪಿರುವುದು ಎತ್ತರ. ಕೋಲಿನ ಮೇಲ್ತುದಿ ಕಂಕುಳಿಗಿಂತ ಎರಡು ಮೂರು ಬೆರಳು ಕೆಳಗಿರಬೇಕು, ಹಿಡಿ ಮಣಿಕಟ್ಟಿನ ಮಟ್ಟಕ್ಕಿರಬೇಕು, ಭಾರ ಅಂಗೈ ಮೇಲೆ ಬೀಳಬೇಕು. ಕಂಕುಳಿನ ಮೇಲೆ ಬಿದ್ದರೆ ನರ ಒತ್ತಿಹೋಗುತ್ತದೆ. ಶ್ರವಣಯಂತ್ರ ಸಿಳ್ಳೆ ಹೊಡೆಯುತ್ತದೆಂದು ಅದರ ದನಿ ತಗ್ಗಿಸಿಕೊಂಡವರು ‘ಕೆಲಸಕ್ಕೆ ಬಾರದು’ ಎಂದು 2 ಅಂಕ ಕೊಡುತ್ತಾರೆ. ಯಂತ್ರ ಸರಿಯಾಗಿಯೇ ಇದ್ದೀತು. ಕಿವಿಯೊಳಗೆ ಕೂರುವ ಅಚ್ಚು ಸಡಿಲವಾಗಿ, ಸೋರಿದ ಸದ್ದು ಮತ್ತೆ ಮೈಕಿಗೆ ಹೋಗುತ್ತಿದೆಯೇ, ಕಿವಿಯಲ್ಲಿ ಗುಗ್ಗೆ ಕಟ್ಟಿದೆಯೇ, ನಳಿಕೆ ಗಟ್ಟಿಯಾಗಿ ಬಿರುಕು ಬಿಟ್ಟಿದೆಯೇ ನೋಡಿ.

ಇದಕ್ಕಿಂತ ಅಪಾಯದ್ದು 5 ಅಂಕವೇ. ಬೆನ್ನುಹುರಿಗೆ ಪೆಟ್ಟಾಗಿ ಸ್ಪರ್ಶಜ್ಞಾನ ಇಲ್ಲದವರು ‘ಹಿತ’ಕ್ಕೆ 5 ಕೊಡಬಹುದು, ಅಡಿಯಲ್ಲಿ ಒತ್ತುಹುಣ್ಣು ಏಳುತ್ತಿರುತ್ತದೆ. ಇಲ್ಲಿ ಮಾತನ್ನಷ್ಟೇ ನಂಬಬಾರದು. ಕೂತೆದ್ದ ಮೇಲೆ ಪೃಷ್ಠದ ಮೂಳೆಯ ಜಾಗ ನೋಡಬೇಕು. ಕೆಂಪು ಅಥವಾ ಕಪ್ಪಾದ ಗುರುತು ಹೊತ್ತು ಕಳೆದರೂ ಹೋಗದಿದ್ದರೆ ಮೆತ್ತೆ ಬದಲಾಗಬೇಕು. ಪಾದದ ಹಲಗೆ ವಿಪರೀತ ಎತ್ತರವಿದ್ದರೂ ತೊಡೆ ಮೇಲೆದ್ದು ಭಾರವೆಲ್ಲ ಹಿಂದಕ್ಕೆ ಬೀಳುತ್ತದೆ. ಆಸನದ ಅಂಚಿಗೂ ಮೊಣಕಾಲಿನ ಹಿಂಬದಿಗೂ ಎರಡು ಬೆರಳಿನಷ್ಟು ಜಾಗ ಇರಲಿ.

ಕೊಟ್ಟ ದಿನವೇ ಕೇಳಿದರೆ ಸಿಗುವುದು ಖುಷಿ, ಅನುಭವವಲ್ಲ. ಕೆಲವು ವಾರ ಬಳಸಿದ ಮೇಲೆ ಒಮ್ಮೆ, ತಿಂಗಳುಗಳ ಬಳಿಕ ಇನ್ನೊಮ್ಮೆ ಕೇಳಬೇಕು. ರಿಪೇರಿ, ವಿಚಾರಣೆಗಳಿಗೆ ಅಂಕ ಕೊಡಲು ಆಗಲೇ ಸಾಧ್ಯ. ಕೇಳುವವರು ಸಾಧನ ಕೊಟ್ಟವರಾಗಿರದಿದ್ದರೆ ಒಳ್ಳೆಯದು.

ಇನ್ನು ಬಳಸುವುದನ್ನೇ ಬಿಟ್ಟವರು. 1993ರಲ್ಲಿ ಪ್ರಕಟವಾದ ಅಧ್ಯಯನಕ್ಕಾಗಿ ಸಂಶೋಧಕರಾದ ಫಿಲಿಪ್ಸ್ ಮತ್ತು ಝಾವೊ ಅಮೆರಿಕದಲ್ಲಿ 227 ಜನರನ್ನು ವಿಚಾರಿಸಿದಾಗ, ಪಡೆದ ಸಾಧನಗಳಲ್ಲಿ ಶೇ. 29ರಷ್ಟು ಪೂರ್ತಿಯಾಗಿ ಮೂಲೆಗೆ ಬಿದ್ದಿದ್ದವು. ಆರಿಸುವಾಗ ಬಳಸುವವರ ಅಭಿಪ್ರಾಯ ಲೆಕ್ಕಕ್ಕೆ ಬಾರದಿದ್ದದ್ದು ಅವರು ಕಂಡ ಕಾರಣಗಳಲ್ಲೊಂದು. ಬಳಸುತ್ತಿರುವವರನ್ನು ಮಾತ್ರ ಕೇಳುವ ಸಮೀಕ್ಷೆಗೆ ಇವರು ಸಿಗುವುದೇ ಇಲ್ಲ. ವಿತರಣೆಯ ಪಟ್ಟಿ ಹಿಡಿದು ಅವರನ್ನೂ ಹುಡುಕಿ, ಎರಡೇ ಪ್ರಶ್ನೆ ಕೇಳಿ: ಯಾವಾಗ ಬಿಟ್ಟಿರಿ? ಆಗ ಏನು ಕೆಟ್ಟಿತ್ತು?

ನಮಸ್ಕಾರ.