ಮಳೆಯೇ ಇಲ್ಲ, ಆದರೂ ಹಳ್ಳದ ನೀರು ರಾತ್ರಿ ಏರುತ್ತದೆ, ಹಗಲು ಇಳಿಯುತ್ತದೆ. ಯಾಕೆ?

[ದೃಶ್ಯ: ಗ್ರಾಫ್. ಒಂದು ವಾರದ ನೀರಿನ ಮಟ್ಟ, ಅಲೆಯಂತೆ ಏರಿಳಿಯುವ ಗೆರೆ]

ನಮಸ್ಕಾರ. ಈ ಗೆರೆಯನ್ನು ಒಮ್ಮೆ ಸರಿಯಾಗಿ ನೋಡಿ. ಕಾಡಿನ ಅಂಚಿನಲ್ಲಿ ಹರಿಯುವ ಸಣ್ಣ ಹಳ್ಳವೊಂದರ ನೀರಿನ ಮಟ್ಟ ಬೇಸಿಗೆಯಲ್ಲಿ ಹೆಚ್ಚುಕಡಿಮೆ ಹೀಗೇ ಇರುತ್ತದೆ. ಇಡೀ ವಾರ ಒಂದು ಹನಿ ಮಳೆ ಬಿದ್ದಿಲ್ಲ ಅಂದುಕೊಳ್ಳಿ. ಅಣೆಕಟ್ಟು ಇಲ್ಲ, ಕಾಲುವೆ ಇಲ್ಲ. ಆದರೂ ನೀರು ದಿನಾ ಬೆಳಗಿನ ಹೊತ್ತಿಗೆ ಚೂರು ಏರಿರುತ್ತದೆ, ಸಂಜೆ ಹೊತ್ತಿಗೆ ಚೂರು ಇಳಿದಿರುತ್ತದೆ. ಮರುದಿನ ಮತ್ತೆ ಅದೇ ಕಥೆ.

ಬಿಸಿಲಿಗೆ ನೀರು ಆವಿಯಾಗುತ್ತೆ, ಅಷ್ಟೇ ತಾನೇ ಅಂತ ಮೊದಲು ಅನ್ನಿಸುತ್ತದೆ. ಆದರೆ ಸಣ್ಣ ಹಳ್ಳ ಎಷ್ಟು ಅಗಲ ಇರುತ್ತದೆ? ಒಂದೆರಡು ಹೆಜ್ಜೆ. ಅದರ ಮೇಲೂ ಮರದ ನೆರಳು. ಆ ಕಿರಿದಾದ ಪಟ್ಟಿಯಿಂದ ಆವಿಯಾಗುವ ನೀರು ಬಹಳ ಕಡಿಮೆ. ಬೇರೆ ಯಾರೋ ನೀರು ಕುಡಿಯುತ್ತಿದ್ದಾರೆ.

ಅದಕ್ಕೂ ಮೊದಲು ಇನ್ನೊಂದು ವಿಷಯ ನೋಡೋಣ. ಮಳೆ ನಿಂತು ವಾರಗಳಾದ ಮೇಲೂ ಹಳ್ಳದಲ್ಲಿ ನೀರು ಇರುವುದಾದರೂ ಹೇಗೆ? ಬಿದ್ದ ಮಳೆಯಲ್ಲಿ ಒಂದಿಷ್ಟು ನೆಲದ ಮೇಲೆ ಹರಿದು ಹೋಗುತ್ತದೆ. ಉಳಿದದ್ದು ಮಣ್ಣಿಗೆ ಇಳಿದು, ಗುಡ್ಡದ ಒಳಗೇ ನಿಧಾನವಾಗಿ ಕೆಳಗೆ ಜಾರಿ, ಹಳ್ಳದ ದಂಡೆಯಲ್ಲಿ ಒರತೆಯಾಗಿ ಜಿನುಗುತ್ತದೆ. ಹಿಂಡದೆ ಒಣಗಲು ಹಾಕಿದ ಕಂಬಳಿ ನೋಡಿದ್ದೀರಲ್ವಾ? ಮೇಲೆ ಒಣಗಿದಂತೆ ಕಂಡರೂ ಕೆಳಗಿನ ಅಂಚಿನಿಂದ ಬಹಳ ಹೊತ್ತು ನೀರು ತೊಟ್ಟಿಕ್ಕುತ್ತಲೇ ಇರುತ್ತದೆ. ಗುಡ್ಡದ ಆ ಕೆಳಗಿನ ಅಂಚಿನಲ್ಲೇ ಹಳ್ಳ ಹುಟ್ಟುವುದು.

ಇದನ್ನು ಪರೀಕ್ಷೆ ಮಾಡಿಯೇ ನೋಡಿದ್ದಾರೆ. ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯದಲ್ಲಿ ಕೋವೀಟಾ ಎಂಬ ಸಂಶೋಧನಾ ಕಾಡಿದೆ. ಅಲ್ಲಿನ ಸಂಶೋಧಕರಾದ ಜಾನ್ ಹ್ಯೂಲೆಟ್ ಮತ್ತು ಆಲ್ಡನ್ ಹಿಬ್ಬರ್ಟ್ ಇಳಿಜಾರಿನಲ್ಲಿ ಒಂದು ಉದ್ದನೆಯ ಕಾಂಕ್ರೀಟ್ ತೊಟ್ಟಿ ಕಟ್ಟಿ, ಮಣ್ಣು ತುಂಬಿ, ಚೆನ್ನಾಗಿ ನೀರುಣಿಸಿದರು. ಹೊಸ ಮಳೆ ಒಳಗೆ ಹೋಗದಂತೆ, ಒಳಗಿನದು ಆವಿಯಾಗದಂತೆ ಮೇಲೆ ಮುಚ್ಚಿದರು. ಆಮೇಲೆ ಕೆಳಗಿನ ಬಾಯಿಂದ ಬರುವ ನೀರನ್ನು ಅಳೆಯುತ್ತಾ ಕೂತರು. ತಿಂಗಳುಗಳು ಕಳೆದರೂ ಜಿನುಗು ನಿಲ್ಲಲಿಲ್ಲ! ಇದನ್ನು ಅವರು 1963ರಲ್ಲಿ ಪ್ರಕಟಿಸಿದರು. ಬರೀ ಮಣ್ಣು ಇಷ್ಟು ನೀರನ್ನು ಇಷ್ಟು ಕಾಲ ಹಿಡಿದಿಟ್ಟು ಕೊಡುತ್ತದೆ ಅನ್ನುವುದು ನನಗೆ ಇವತ್ತಿಗೂ ಬೆರಗು.

ಈಗ ಕಳ್ಳನ ವಿಷಯಕ್ಕೆ ಬರೋಣ. ಕಳ್ಳ ಅನ್ನುವುದು ತಪ್ಪು, ಅವರು ಅಲ್ಲಿನ ನಿವಾಸಿಗಳೇ. ದಂಡೆಯ ಮರಗಳು.

[ದೃಶ್ಯ: ಅನಿಮೇಷನ್. ದಂಡೆಯ ಅಡ್ಡ ಸೀಳು, ಬೇರು, ಅಂತರ್ಜಲದ ಗೆರೆ]

ಬೆಳಗಾದ ಕೂಡಲೇ ಎಲೆಗಳ ಸಣ್ಣ ರಂಧ್ರಗಳು ತೆರೆಯುತ್ತವೆ. ಅಲ್ಲಿಂದ ನೀರು ಆವಿಯಾಗಿ ಹೋಗುತ್ತದೆ. ಅದರ ಎಳೆತಕ್ಕೆ ಕಾಂಡದೊಳಗಿನ ನೀರು ಮೇಲೇರುತ್ತದೆ, ಬೇರು ಮಣ್ಣಿನಿಂದ ಹೊಸ ನೀರು ಎಳೆಯುತ್ತದೆ. ದಂಡೆಯ ಮರಕ್ಕೆ ಅಂತರ್ಜಲ ಕೈಗೆಟಕುವಷ್ಟು ಹತ್ತಿರ. ಹಗಲು ಪೂರ್ತಿ ಕುಡಿದಾಗ ದಂಡೆಯೊಳಗಿನ ನೀರಿನ ಮಟ್ಟ ಸ್ವಲ್ಪ ಕುಸಿಯುತ್ತದೆ. ಹಳ್ಳಕ್ಕೆ ಜಿನುಗುವುದು ಕಡಿಮೆಯಾಗುತ್ತದೆ. ರಾತ್ರಿ ರಂಧ್ರಗಳು ಮುಚ್ಚುತ್ತವೆ. ಗುಡ್ಡ ಮಾತ್ರ ತನ್ನ ಪಾಡಿಗೆ ಕೆಳಗೆ ನೀರು ಕಳಿಸುತ್ತಲೇ ಇರುತ್ತದೆ. ದಂಡೆ ಮತ್ತೆ ತುಂಬುತ್ತದೆ, ಹಳ್ಳ ಏರುತ್ತದೆ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಇದು ನನಗೆ ತುಂಬಾ ಇಷ್ಟದ ಭಾಗ. ಈ ಏರಿಳಿತದಿಂದಲೇ ಗಿಡಮರಗಳು ಎಷ್ಟು ನೀರು ಕುಡಿದವು ಅಂತ ಲೆಕ್ಕ ಹಾಕಬಹುದು. ವಾಲ್ಟರ್ ವೈಟ್ ಎಂಬ ತಜ್ಞ ಅಮೆರಿಕದ ಯೂಟಾ ರಾಜ್ಯದ ಎಸ್ಕಲಾಂಟೆ ಕಣಿವೆಯಲ್ಲಿ ಗಿಡಗಳ ನಡುವಿನ ಬಾವಿಗಳ ನೀರಿನ ಮಟ್ಟ ದಾಖಲಿಸಿದ. 1932ರಲ್ಲಿ ಅವನ ವರದಿ ಬಂತು. ಅವನ ಯೋಚನೆ ತುಂಬಾ ಸರಳ. ಮಧ್ಯರಾತ್ರಿಯಿಂದ ಬೆಳಗಿನ 4 ಗಂಟೆವರೆಗೆ ಗಿಡಗಳು ಹೆಚ್ಚುಕಡಿಮೆ ಏನೂ ಕುಡಿಯುವುದಿಲ್ಲ. ಹಾಗಾದರೆ ಆ ಹೊತ್ತಿನಲ್ಲಿ ನೀರು ಗಂಟೆಗೆ ಎಷ್ಟು ಏರುತ್ತದೋ, ಸುತ್ತಲಿನಿಂದ ಬಂದು ಸೇರುವ ನೀರಿನ ನಿಜವಾದ ವೇಗ ಅದೇ. ಅದನ್ನು 24ರಿಂದ ಗುಣಿಸಿ. ದಿನವಿಡೀ ಯಾರೂ ಕುಡಿಯದಿದ್ದರೆ ನೀರು ಇಷ್ಟು ಏರಬೇಕಿತ್ತು. ಆದರೆ ಮರುದಿನ ಅದೇ ಹೊತ್ತಿಗೆ ನೋಡಿದರೆ ಅಷ್ಟು ಏರಿಲ್ಲ, ಬದಲಿಗೆ ಇಳಿದಿದೆ. ಏರಬೇಕಿದ್ದುದಕ್ಕೆ ಇಳಿದದ್ದನ್ನೂ ಕೂಡಿಸಿ. ಮಟ್ಟ ಇಳಿದಾಗ ಮಣ್ಣಿನ ಸಂದುಗಳು ಎಷ್ಟು ನೀರು ಬಿಟ್ಟುಕೊಡುತ್ತವೆ ಅನ್ನುವ ಅಂಶದಿಂದ ಗುಣಿಸಿ. ಗಿಡಗಳು ಕುಡಿದ ನೀರಿನ ಲೆಕ್ಕ ಸಿಕ್ಕಿತು. ಮರ ಕಡಿಯಬೇಕಿಲ್ಲ, ಬೇರು ಅಗೆಯಬೇಕಿಲ್ಲ. ಒಂದು ಬಾವಿ, ಒಂದು ಗಡಿಯಾರ ಸಾಕು. ಸುಮಾರು ನೂರು ವರ್ಷ ಹಳೆಯ ಈ ವಿಧಾನವನ್ನು ಜಲವಿಜ್ಞಾನಿಗಳು ಈಗಲೂ ಬಳಸುತ್ತಾರೆ.

ಮರಗಳೇ ಕಾರಣ ಅನ್ನುವುದಕ್ಕೆ ಸಾಕ್ಷಿ ಬೇಕಲ್ವಾ? ವೈಟ್ ನೋಡಿದ ಜಾಗದಲ್ಲೇ ಚಿಗುರು ಬಂದಾಗ ಏರಿಳಿತ ಶುರುವಾಗುತ್ತಿತ್ತು. ಹಿಮ ಬಿದ್ದು ಎಲೆಗಳು ಸತ್ತಾಗ ನಿಲ್ಲುತ್ತಿತ್ತು. ಉತ್ತ ಹೊಲದಲ್ಲಿ ಅದು ಇರುತ್ತಲೇ ಇರಲಿಲ್ಲ. ಆಮೇಲೆ ಕೋವೀಟಾದಲ್ಲಿ ಒಂದು ಹಳ್ಳದ ದಂಡೆಯುದ್ದಕ್ಕೂ ಗಿಡಮರ ಕಡಿದು ನೋಡಿದರು. ದಿನದ ಏರಿಳಿತ ಬಹುಮಟ್ಟಿಗೆ ಮಾಯವಾಯಿತು. ಈ ಫಲಿತಾಂಶ 1947ರಲ್ಲಿ ಪ್ರಕಟವಾಯಿತು.

ಇನ್ನೊಂದು ಸೊಗಸು ಇದೆ. ಮರ ಜಾಸ್ತಿ ಕುಡಿಯುವುದು ನಡು ಮಧ್ಯಾಹ್ನದ ಹೊತ್ತಿಗೆ. ಹಳ್ಳ ಅತಿ ಕಡಿಮೆಯಾಗುವುದು ಅದಾದ ಎಷ್ಟೋ ಗಂಟೆಯ ಮೇಲೆ. ಬೇರಿನ ಬಳಿ ಆದ ಕೊರತೆ ಮಣ್ಣಿನಲ್ಲಿ ಸಾಗಿ, ಹಳ್ಳದ ಉದ್ದಕ್ಕೂ ಹರಿದು, ಅಳೆಯುವ ಜಾಗ ಮುಟ್ಟಬೇಕಲ್ಲ. ಬೇಸಿಗೆ ಮುಂದುವರಿದು ಹರಿವು ಮಂದವಾದಂತೆ ಈ ತಡ ಇನ್ನೂ ಹೆಚ್ಚುತ್ತದೆ. ಹಿಮ ಕರಗಿ ಹರಿಯುವ ತೊರೆಗಳಲ್ಲಿ ಎಲ್ಲವೂ ತಿರುಗುಮುರುಗು. ಹಗಲಿನ ಬಿಸಿಲಿಗೆ ಹಿಮ ಕರಗುವುದರಿಂದ ಅಲ್ಲಿ ನೀರು ಸಂಜೆ ಹೊತ್ತಿಗೆ ಏರುತ್ತದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಇದನ್ನು ಕೇಳಿ ಯಾರಾದರೂ, ಹಾಗಾದರೆ ದಂಡೆಯ ಮರ ಕಡಿದರೆ ನೀರು ಉಳಿಯುತ್ತಲ್ಲ ಅನ್ನಬಹುದು. ಕಾಡು ಕಡಿದಾಗ ಹಳ್ಳದ ವಾರ್ಷಿಕ ಹರಿವು ಹೆಚ್ಚುವುದನ್ನು ಅನೇಕ ಪ್ರಯೋಗಗಳು ತೋರಿಸಿವೆ, ಅದು ನಿಜ. ಆದರೆ ಬೇರು ಹೋದರೆ ದಂಡೆ ಕುಸಿಯುತ್ತದೆ, ಹೂಳು ತುಂಬುತ್ತದೆ. ನೆರಳು ಹೋದರೆ ನೀರು ಬಿಸಿಯಾಗುತ್ತದೆ. ಬಿಸಿ ನೀರಿನಲ್ಲಿ ಕರಗಿದ ಆಮ್ಲಜನಕ ಕಡಿಮೆ. ಮೇಲಾಗಿ ನೆರಳಿರುವ ಹಳ್ಳಕ್ಕೆ ಊಟ ಕೊಡುವುದೇ ಆ ಮರ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಬೇರ್ ಬ್ರೂಕ್ ಎಂಬ ಕಾಡಿನ ತೊರೆಯ ಲೆಕ್ಕ ತೆಗೆದಾಗ, ಅಲ್ಲಿನ ಜೀವಿಗಳಿಗೆ ಸಿಗುವ ಶಕ್ತಿಯಲ್ಲಿ ಶೇ. 99ರಷ್ಟು ಸುತ್ತಲಿನ ಕಾಡಿನಿಂದಲೇ ಬರುತ್ತಿತ್ತು. ಆ ಅಧ್ಯಯನ ಪ್ರಕಟವಾದದ್ದು 1973ರಲ್ಲಿ. ನಾಲ್ಕು ಬಿಂದಿಗೆ ನೀರಿನ ಆಸೆಗೆ ದಂಡೆಯ ಮರಕ್ಕೆ ಕೊಡಲಿ ಹಾಕುವುದು ದೊಡ್ಡ ನಷ್ಟ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಗುಡ್ಡ ಹಿಡಿದಿಟ್ಟ ನೀರಿನ ಬಗ್ಗೆ ಇನ್ನೊಂದು ಮಾತು. ಜೋರು ಮಳೆಗೆ ಹಳ್ಳ ಉಕ್ಕಿದಾಗಲೂ, ಕಾಡಿನ ಸಣ್ಣ ಕಣಿವೆಗಳಲ್ಲಿ, ಆ ನೀರಿನ ಅರ್ಧಕ್ಕಿಂತ ಹೆಚ್ಚು ಭಾಗ ಮೊದಲೇ ನೆಲದೊಳಗಿದ್ದ ಹಳೆಯ ನೀರಾಗಿರುವುದು ಸಾಮಾನ್ಯ. ಹೊಸ ಮಳೆ ಅದನ್ನು ಹೊರಗೆ ತಳ್ಳುತ್ತದೆ.

[ದೃಶ್ಯ: 'ವಿ' ಆಕಾರದ ಕಂಡಿಯಿಂದ ಹರಿಯುವ ನೀರು]

ದಿನದ ಈ ಏರಿಳಿತವನ್ನು ನೀವೂ ನೋಡಬಹುದು. ವ್ಯತ್ಯಾಸ ಸಾಮಾನ್ಯವಾಗಿ ಕೆಲವೇ ಮಿಲಿಮೀಟರ್, ಅಗಲವಾದ ಜಾಗದಲ್ಲಿ ಕಣ್ಣಿಗೆ ಕಾಣುವುದಿಲ್ಲ. ಅದಕ್ಕೇ ಸಂಶೋಧಕರು ಹಳ್ಳಕ್ಕೆ ಅಡ್ಡಲಾಗಿ ತಡೆ ಇಟ್ಟು, ಅದರಲ್ಲಿ ಕೊರೆದ 'ವಿ' ಆಕಾರದ ಕಂಡಿಯಿಂದ ನೀರನ್ನು ಹಾಯಿಸುತ್ತಾರೆ. ಅಲ್ಲಿ ನೀರಿನ ಎತ್ತರ ಎರಡು ಪಟ್ಟಾದರೆ ಹರಿವು ಐದೂವರೆ ಪಟ್ಟಿಗಿಂತ ಜಾಸ್ತಿ ಆಗುತ್ತದೆ. ಅಂದರೆ ಹರಿವು ತುಂಬಾ ಕಡಿಮೆ ಇದ್ದಾಗ ಸಣ್ಣ ಬದಲಾವಣೆಯೂ ಎತ್ತರದಲ್ಲಿ ಎದ್ದು ಕಾಣುತ್ತದೆ. ನಿಮ್ಮ ಬಳಿ ಕಂಡಿ ಇಲ್ಲದಿದ್ದರೆ ಎರಡು ಬಂಡೆಗಳ ನಡುವೆ ನೀರು ಇಕ್ಕಟ್ಟಾಗಿ ಹರಿಯುವ ಜಾಗ ಹುಡುಕಿ, ಅದರ ಸ್ವಲ್ಪ ಮೇಲ್ಗಡೆ ನಿಂತ ನೀರಿನಲ್ಲಿ ಅಳತೆಪಟ್ಟಿ ನೆಡಿ. ಮಳೆ ಇಲ್ಲದ ದಿನ ಆರಿಸಿಕೊಳ್ಳಿ. ಬೆಳಗ್ಗೆ ಸೂರ್ಯ ಹುಟ್ಟುವ ಹೊತ್ತಿಗೆ ಒಮ್ಮೆ, ಸಂಜೆ ಒಮ್ಮೆ ಓದಿ. ಒಂದು ವಾರ ಬಿಡದೆ ಮಾಡಿ.

ಒಂದು ಎಚ್ಚರಿಕೆ. ಮೇಲ್ಗಡೆ ಯಾರಾದರೂ ಪಂಪು ಇಟ್ಟು ನೀರೆತ್ತುತ್ತಿದ್ದರೆ ಹಳ್ಳ ಆಗಲೂ ಹಗಲಿನಲ್ಲಿ ಇಳಿಯುತ್ತದೆ. ಎರಡನ್ನೂ ಬೇರೆ ಮಾಡಲು ಗಂಟೆಗೊಮ್ಮೆ ಓದಿ ಗೆರೆ ಎಳೆಯಿರಿ. ಪಂಪು ಶುರುವಾದಾಗ, ನಿಂತಾಗ ಗೆರೆ ಸಟ್ಟನೆ ಮುರಿಯುತ್ತದೆ. ಮರ ಕುಡಿದ ಗೆರೆಯಲ್ಲಿ ಅಂಥ ಮುರಿತ ಇರುವುದಿಲ್ಲ, ಅದು ಮೆಲ್ಲಗೆ ಬಾಗುತ್ತದೆ. ಮೋಡ ಕವಿದ ದಿನ ಆ ಬಾಗು ಇನ್ನೂ ಸಣ್ಣದಾಗುತ್ತದೆ.