ಅರವತ್ತನೆಯ ಉತ್ತರದ ಬೆಲೆ

ಎಲ್ಲರಿಗೂ ನಮಸ್ಕಾರ. ಮೊದಲು ಒಂದು ಲೆಕ್ಕ ಮಾಡೋಣ. ನಾನು ಹೇಳುವ ಪ್ರತಿ ಅಂಕಿಯನ್ನೂ ನಾನು ಹೇಳಿದ ಹಿಂದಿನ ಅಂಕಿಗೆ ಕೂಡಿಸಿ. ಮೂರು, ಐದು. ಎಂಟು, ಸರಿ. ಈಗ ಎರಡು. ಹತ್ತು ಅಂದವರು ಎಡವಿದಿರಿ. ಐದಕ್ಕೆ ಎರಡು ಸೇರಿಸಬೇಕಿತ್ತು, ಏಳು. ನಿಮ್ಮ ಉತ್ತರವನ್ನು ಆ ಕ್ಷಣವೇ ಮರೆತು ನನ್ನ ಅಂಕಿಯನ್ನಷ್ಟೇ ಹಿಡಿದಿಟ್ಟುಕೊಳ್ಳಬೇಕು. 3 ಸೆಕೆಂಡಿಗೊಂದರಂತೆ 60 ಉತ್ತರ. ಇದು ಪಾಸಾಟ್ ಪರೀಕ್ಷೆ. ನ್ಯೂಜಿಲೆಂಡಿನ ಮನೋವಿಜ್ಞಾನಿ ಡೊರೊತಿ ಗ್ರೊನ್ವಾಲ್ 1970ರ ದಶಕದಲ್ಲಿ ತಲೆಗೆ ಪೆಟ್ಟು ಬಿದ್ದವರಿಗೆ ಇದನ್ನು ಬಳಸಿದರು. ಮುಂದೆ ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂಎಸ್ ಇರುವವರ ತಪಾಸಣೆಗೂ ಬಂತು.

ಎಂಎಸ್‌ನಲ್ಲಿ ನರತಂತುಗಳ ಮೈಲಿನ್ ಹೊದಿಕೆಗೆ ದೇಹದ ರಕ್ಷಣಾ ವ್ಯವಸ್ಥೆಯೇ ಹಾನಿ ಮಾಡುತ್ತದೆ. ಕಾಲು ಎಳೆಯುತ್ತಿದ್ದರೆ ನೋಡಿದವರು ಕುರ್ಚಿ ಕೊಡುತ್ತಾರೆ. ಯೋಚಿಸಿ ಯೋಚಿಸಿ ತಲೆ ಸೋತರೆ? 'ಬೆಳಗ್ಗೆ ಚೆನ್ನಾಗೇ ಇದ್ದೆಯಲ್ಲ' ಎಂದು ಮನೆಯವರೇ ಕೇಳುತ್ತಾರೆ. ಈ ಮಾತು ಎಷ್ಟು ನೋಯಿಸುತ್ತದೆ ಎಂಬುದನ್ನು ದಯವಿಟ್ಟು ಯೋಚಿಸಿ.

ತಲೆಯ ಈ ದಣಿವನ್ನು ಅಳೆಯುವ ಒಂದು ದಾರಿ, ಕೇಳುವುದು. ಎಂಎಫ್‌ಐಎಸ್ ಎಂಬ ದಣಿವಿನ ಪ್ರಶ್ನಾವಳಿಯ 21 ಪ್ರಶ್ನೆಗಳಲ್ಲಿ 10 ಯೋಚನೆ, ಗಮನ, ಮರೆವಿಗೆ ಸೇರಿದವು. ಒಂದೊಂದಕ್ಕೆ 0ರಿಂದ 4 ಅಂಕ, ಕಳೆದ 4 ವಾರದ ಅನುಭವದ ಮೇಲೆ. ರೋಗಿಯ ಮಾತನ್ನು ನಾನು ಪೂರ್ತಿ ನಂಬುತ್ತೇನೆ. ಆದರೆ ಖಿನ್ನತೆ, ನಿದ್ರೆಗೇಡು ಎಲ್ಲವೂ ಆ ಅಂಕದೊಳಗೆ ಬೆರೆತಿರುತ್ತವೆ. ಭಾಷೆಯ ತೊಡಕೂ ಇದೆ. ಸುಸ್ತು, ಬಳಲಿಕೆ, ನಿತ್ರಾಣ ಎಂದೊಡನೆ ನಮಗೆ ಮೈ ನೆನಪಾಗುತ್ತದೆ. 'ಮಾನಸಿಕ ಆಯಾಸ' ಎಂದರೆ ಬೇಸರವೆಂದು ತಿಳಿಯುತ್ತಾರೆ. 'ಸಂಜೆ ಹೊತ್ತಿಗೆ ತಲೆ ಓಡೋದೇ ಇಲ್ವಾ?' ಎಂದು ಕೇಳಿದರೆ ಉತ್ತರ ತಾನಾಗಿ ಬರುತ್ತದೆ.

ಇನ್ನೊಂದು ದಾರಿ, ಪರೀಕ್ಷೆ. ಚಿಹ್ನೆಗೆ ಅಂಕಿ ಹೊಂದಿಸುವ ಎಸ್‌ಡಿಎಂಟಿಗೆ 90 ಸೆಕೆಂಡು ಸಾಕು. ಅಷ್ಟರಲ್ಲಿ ಮಿದುಳಿನ ವೇಗ ಗೊತ್ತಾದೀತು, ದಣಿವು ಗೊತ್ತಾಗುವುದು ಹೇಗೆ? ದಣಿಯಲು ಹೊತ್ತು ಬೇಕು. ಅಮೆರಿಕದ ನರವೈದ್ಯೆ ಲಾರೆನ್ ಕ್ರಪ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 4 ಗಂಟೆ ಕೂರಿಸಿ ನೋಡಿದ್ದರು: ಕಷ್ಟದ ಲೆಕ್ಕಗಳ ನಂತರದ ಪರೀಕ್ಷೆಗಳಲ್ಲಿ ಆರೋಗ್ಯವಂತರು ಸುಧಾರಿಸಿದರೆ, ಎಂಎಸ್ ಇರುವವರು ಕುಸಿದರು.

ನನ್ನ ಯೋಚನೆಯನ್ನೇ ಬದಲಿಸಿದ್ದು ನ್ಯೂಜೆರ್ಸಿಯ ಜಾನ್ ಡೆಲೂಕಾ ತಂಡದ 2008ರ ಅಧ್ಯಯನ. ಎಂಆರ್‌ಐ ಯಂತ್ರದೊಳಗೆ ಎಸ್‌ಡಿಎಂಟಿಯಂಥ ಕೆಲಸವನ್ನೇ ಮತ್ತೆ ಮತ್ತೆ ಮಾಡಿಸಿದರು. ಸರಿಯುತ್ತರಗಳಲ್ಲಿ ಎರಡೂ ಗುಂಪು ಸಮ. ಆದರೆ ಹೊತ್ತು ಹೋದಂತೆ ಆರೋಗ್ಯವಂತರ ಮಿದುಳಿನ ಚಟುವಟಿಕೆ ಇಳಿಯಿತು, ಎಂಎಸ್ ಇರುವವರದು ಏರಿತು. ಅದೇ ಉತ್ತರಕ್ಕೆ ಅವರು ಹೆಚ್ಚು ಬೆಲೆ ತೆರುತ್ತಿದ್ದರು. ಅಂಕಪಟ್ಟಿಯಲ್ಲಿ ಆ ಬೆಲೆಗೆ ಕಾಲಂ ಇಲ್ಲ.

ಆದ್ದರಿಂದ ಇಲ್ಲಿರುವ ವೈದ್ಯರಲ್ಲಿ, ಮನೋವಿಜ್ಞಾನಿಗಳಲ್ಲಿ ನನ್ನ ಕೋರಿಕೆ. ಪಾಸಾಟ್‌ನ ಮೊದಲ 30 ಮತ್ತು ಕೊನೆಯ 30 ಉತ್ತರಗಳನ್ನು ಬೇರೆಬೇರೆ ಎಣಿಸಿ. ಶುರುವಿನಲ್ಲಿ, ನಡುವೆ, ಕೊನೆಗೆ 'ಈಗ ದಣಿವು 100ಕ್ಕೆ ಎಷ್ಟು?' ಎಂದು ಕೇಳಿ. ಮೈ ಬಿಸಿಯಾದರೆ ಎಂಎಸ್ ಲಕ್ಷಣಗಳು ಉಲ್ಬಣಿಸುತ್ತವೆ; ಮೈ ದಣಿದಾಗ ದೃಷ್ಟಿ ಮಂಜಾಗುವುದನ್ನು ಜರ್ಮನಿಯ ಕಣ್ಣಿನ ವೈದ್ಯ ಊಟ್‌ಹಾಫ್ 1890ರಲ್ಲೇ ದಾಖಲಿಸಿದ್ದಾರೆ. ಬೆಳಗ್ಗೆ 10ಕ್ಕೆ ಎಸಿ ಕೋಣೆಯಲ್ಲಿ ಪಡೆದ ಅಂಕ, ಬೇಸಿಗೆಯ ಮಧ್ಯಾಹ್ನ ಬಸ್ಸಿಳಿದು ಬಂದು ಪಡೆದ ಅಂಕ ಒಂದೇ ಅಲ್ಲ. ವರದಿಯಲ್ಲಿ ಅಂಕದ ಪಕ್ಕದಲ್ಲಿ ಗಂಟೆಯನ್ನೂ ಬರೆಯಿರಿ.